ಸುಂಕದ ಕಟ್ಟೆಗಳ ದಾರಿಯಲ್ಲಿ

ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಸಮಾಜ ವಿಜ್ಞಾನ ಬೋಧಿಸಿದ ನಾನು, ಜರ್ಮನಿಯ ಏಕೀಕರಣದ ಪಾಠ ಬಂದಾಗಲೆಲ್ಲ ಕಪ್ಪು ಹಲಗೆಯ ಮೇಲೆ 'ಜೋಲ್ವೆರಿನ್' ಎಂದು ದೊಡ್ಡ ಅಕ್ಷರಗಳಲ್ಲಿ ಬರೆದು ಅಡಿಗೆರೆ ಎಳೆಯುತ್ತಿದ್ದೆ. ಪ್ರಷ್ಯಾದ ಮುಂದಾಳುತನದಲ್ಲಿ ಜರ್ಮನ್ ಸಂಸ್ಥಾನಗಳು ಮಾಡಿಕೊಂಡ ಸುಂಕ ಒಕ್ಕೂಟ, ಜಾರಿಗೆ ಬಂದ ವರ್ಷ 1834. ಎರಡು ಅಂಕದ ಪ್ರಶ್ನೆ. ಬಿಸ್ಮಾರ್ಕನ ಯುದ್ಧಗಳಿಗೆ ಹೋಗುವ ಆತುರದಲ್ಲಿ ಮಕ್ಕಳು ಅದನ್ನು ಬಾಯಿಪಾಠ ಮಾಡಿ ಮುಂದಕ್ಕೆ ಹೋಗುತ್ತಿದ್ದರು, ನಾನೂ ಹೋಗುತ್ತಿದ್ದೆ. ನಿವೃತ್ತನಾಗಿ ಆರು ವರ್ಷವಾದ ಮೇಲೆ, 2025ರ ಜುಲೈ ತಿಂಗಳಲ್ಲಿ, ಸ್ಟುಟ್‌ಗಾರ್ಟ್ ಸಮೀಪದ ಮಗನ ಮನೆಯಲ್ಲಿ ಊಟ ಮಾಡುತ್ತ ಆ ಪದವನ್ನು ಉಚ್ಚರಿಸಿದಾಗ ಅವನು ನಕ್ಕುಬಿಟ್ಟ. "ಅಪ್ಪ, ಅದು ತ್ಸೋಲ್‌ಫೆರೈನ್. ತ್ಸೋಲ್ ಅಂದ್ರೆ ಸುಂಕ, ಫೆರೈನ್ ಅಂದ್ರೆ ಸಂಘ. ಇಲ್ಲಿ ಕನ್ನಡ ಸಂಘ ಕಟ್ಟಿದ್ರೂ ಅದು ಫೆರೈನೇ." ಎಷ್ಟು ತರಗತಿಗಳ ಮಕ್ಕಳಿಗೆ ತಪ್ಪು ಉಚ್ಚಾರಣೆ ಕಲಿಸಿದೆನೋ! ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ತಿದ್ದಿಕೊಳ್ಳಬೇಕು.

ಮಗನಿಗೆ ಒಂದು ವಾರ ರಜೆ ಇತ್ತು. ಅಪ್ಪ ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಎಲ್ಲಿಗಾದರೂ ಕರೆದೊಯ್ಯುವುದೆಂದು ಅವನ ಸಂಕಲ್ಪ. ಪ್ಯಾರಿಸ್ಸಿನ ಗೋಪುರವೋ ಸ್ವಿಟ್ಜರ್ಲೆಂಡಿನ ಹಿಮವೋ ಎಂದು ಕೇಳಿದ. ನಾನು ಬರೆದುಕೊಟ್ಟ ಊರುಗಳ ಪಟ್ಟಿ ನೋಡಿ ಅವನಿಗೆ ಆಶ್ಚರ್ಯವಾಯಿತು. ಅವುಗಳಲ್ಲಿ ಅರ್ಧಕ್ಕರ್ಧ ಅವನೇ ಕೇಳಿರದ ಹೆಸರುಗಳು. ಆರು ದಿನ, ಐದು ದೇಶ, ಸುಮಾರು ಸಾವಿರ ಕಿಲೋಮೀಟರ್. ಜರ್ಮನಿಯಿಂದ ಹೊರಟು ಫ್ರಾನ್ಸ್, ಲಕ್ಸೆಂಬರ್ಗ್, ಬೆಲ್ಜಿಯಂ, ನೆದರ್‌ಲೆಂಡ್ಸ್‌ಗಳನ್ನು ಮುಟ್ಟಿ, ರೈನ್ ನದಿಯ ದಂಡೆ ಹಿಡಿದು ಹಿಂದಿರುಗುವುದು. ನಾನು ನೋಡಬೇಕೆಂದಿದ್ದದ್ದು ಒಂದೇ: ಸುಂಕದ ಕಟ್ಟೆಗಳು. ಇರುವ ಕಟ್ಟೆಗಳು, ಇದ್ದು ಹೋದ ಕಟ್ಟೆಗಳು. ಈ ವಿಚಿತ್ರ ಆಸೆಗೆ ಕಾರಣವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ತಂದೆಯವರು ಪುರಸಭೆಯೊಂದರಲ್ಲಿ ಆಕ್ಟ್ರಾಯ್ ಗುಮಾಸ್ತರಾಗಿದ್ದರು. ಶಾಲೆಯಲ್ಲಿ ನನಗೆ ಇದ್ದ ಹೆಸರು 'ಸುಂಕದವನ ಮಗ'.

ಈಗಿನ ತಲೆಮಾರಿಗೆ ಆಕ್ಟ್ರಾಯ್ ಎಂದರೆ ತಿಳಿಯದು. ಊರಿನ ಎಲ್ಲೆಯೊಳಕ್ಕೆ ಬಳಕೆಗೆ ಅಥವಾ ಮಾರಾಟಕ್ಕೆ ಬರುವ ಸರಕಿನ ಮೇಲೆ ಪುರಸಭೆ ವಸೂಲು ಮಾಡುತ್ತಿದ್ದ ಸುಂಕ ಅದು. ಊರಿಗೆ ಬರುವ ಪ್ರತಿಯೊಂದು ರಸ್ತೆಯ ಬಾಯಲ್ಲೂ ಒಂದು ಅಡ್ಡಗಂಬ. ಅದರ ಒಂದು ತುದಿಗೆ ಕಲ್ಲಿನ ಭಾರ, ಇನ್ನೊಂದು ತುದಿಗೆ ಹಗ್ಗ. ಪಕ್ಕದಲ್ಲಿ ಒಂದು ಕೋಣೆ, ತಕ್ಕಡಿ, ಲಾಟೀನು, ದರಪಟ್ಟಿಯ ಹಲಗೆ, ಕಾರ್ಬನ್ ಹಾಳೆ ಇಟ್ಟು ಬರೆಯುವ ರಸೀತಿ ಪುಸ್ತಕ. ಗಾಡಿ ನಿಲ್ಲಬೇಕು, ಚೀಲ ಎಣಿಸಬೇಕು, ತೂಕ ಹಾಕಬೇಕು, ಹಣ ಕಟ್ಟಬೇಕು, ಆಮೇಲೆ ಹಗ್ಗ ಸಡಿಲಿಸಬೇಕು. ಸರಕು ಆ ಊರಿಗಲ್ಲದೆ ಊರನ್ನು ಹಾದು ಮುಂದಕ್ಕೆ ಹೋಗುವಂಥದ್ದಾದರೆ ಬೇರೆಯೇ ಕ್ರಮ: ಒಳಬರುವ ಗೇಟಿನಲ್ಲಿ ಠೇವಣಿ ಕಟ್ಟಿ ಚೀಟಿ ಪಡೆಯಬೇಕು, ಹೊರಹೋಗುವ ಗೇಟಿನಲ್ಲಿ ಚೀಟಿ ತೋರಿಸಿ ಠೇವಣಿ ಹಿಂದಕ್ಕೆ ಪಡೆಯಬೇಕು. ನಡುವೆ ಕತ್ತಲಾಯಿತೋ, ಗುಮಾಸ್ತ ಊಟಕ್ಕೆ ಹೋದನೋ, ಗಾಡಿಯವನ ಪಾಡು ಅವನಿಗೇ ಪ್ರೀತಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಬಾಲ್ಯದಲ್ಲಿ ಆ ಗಾದೆಯನ್ನು ನನ್ನ ಮುಂದೆ ಯಾರು ಹೇಳಿದರೂ ನನಗೆ ಕೆಂಡದಂಥ ಕೋಪ ಬರುತ್ತಿತ್ತು. ಅಪ್ಪ ಸಂಬಳಕ್ಕೆ ದುಡಿದವರು, ಲಂಚ ಮುಟ್ಟಿದವರಲ್ಲ. ಇದನ್ನು ನಾನು ಇಂದಿಗೂ ನಂಬಿದ್ದೇನೆ. 1979ರಲ್ಲಿ ಕರ್ನಾಟಕ ಸರ್ಕಾರ ಆಕ್ಟ್ರಾಯನ್ನು ರದ್ದುಪಡಿಸಿ ಪ್ರವೇಶ ತೆರಿಗೆ ತಂದಾಗ ಅಡ್ಡಗಂಬಗಳು ಎದ್ದವು. ಅಪ್ಪನನ್ನು ಜನನ ಮರಣ ನೋಂದಣಿಯ ವಿಭಾಗಕ್ಕೆ ಹಾಕಿದರು. ಅಲ್ಲಿಯೂ ಒಳಬರುವವರನ್ನೂ ಹೊರಹೋಗುವವರನ್ನೂ ಬರೆದುಕೊಳ್ಳುವುದೇ ಕೆಲಸ ಎಂದು ತಮಾಷೆ ಮಾಡುತ್ತಿದ್ದರು.

ಸುಂಕ ನಮ್ಮಲ್ಲಿ ಬ್ರಿಟಿಷರು ತಂದದ್ದಲ್ಲ. ಶುಲ್ಕ ಎಂಬ ಸಂಸ್ಕೃತ ಶಬ್ದದ ತದ್ಭವ ಅದು. ಚಾಲುಕ್ಯ ಹೊಯ್ಸಳ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಮೇಲಿಂದ ಮೇಲೆ ಬರುತ್ತದೆ. ಎತ್ತಿನ ಹೇರಿಗೆ ಇಷ್ಟು, ಕತ್ತೆಯ ಹೇರಿಗೆ ಇಷ್ಟು ಎಂದು ಲೆಕ್ಕ ಹಾಕಿ, ಆ ಆದಾಯವನ್ನು ದೇವರ ನಂದಾದೀವಿಗೆಗೋ ಗುಡಿಯ ಜೀರ್ಣೋದ್ಧಾರಕ್ಕೋ ಬಿಡುವುದು ವಾಡಿಕೆಯಾಗಿತ್ತು. ನಮ್ಮ ಸೀಮೆಯ ಅರಳಗುಪ್ಪೆ, ತುರುವೇಕೆರೆಗಳ ಗುಡಿಗಳ ಮುಂದೆ ನಿಂತಾಗಲೆಲ್ಲ ಶಿಲ್ಪದ ಸೊಬಗಿನ ಜೊತೆಗೆ ನನಗೆ ಆ ಕಾಲದ ಹೇರೆತ್ತುಗಳೂ ನೆನಪಾಗುತ್ತವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬುವನಿದ್ದ. ವೃತ್ತಿಯಿಂದ ಸುಂಕ ಎತ್ತುವವನು. ಬಂಕೇಶ್ವರಲಿಂಗ ಎಂಬ ಅಂಕಿತದ ತನ್ನ ವಚನಗಳಲ್ಲಿ ಸುಂಕದ ಪರಿಭಾಷೆಯನ್ನೇ ಬಳಸಿ ಅಧ್ಯಾತ್ಮ ಹೇಳಿದವನು. ಅಪ್ಪನ ಮೇಜಿನ ಗಾಜಿನ ಕೆಳಗೆ ದೇವರ ಪಟಗಳಿದ್ದವು. ಬಂಕಣ್ಣನ ವಿಷಯ ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗುವಂತೆ ಹೇಳುವಷ್ಟು ನಾನು ಓದುವ ಹೊತ್ತಿಗೆ ಅವರಿರಲಿಲ್ಲ.

ಇನ್ನು ಪ್ರವಾಸಕ್ಕೆ ಬರುತ್ತೇನೆ. ಮೊದಲ ದಿನ ಸ್ಟುಟ್‌ಗಾರ್ಟಿನ ದಕ್ಷಿಣಕ್ಕೆ ರಾಯ್ಟ್‌ಲಿಂಗನ್ ಎಂಬ ಪಟ್ಟಣಕ್ಕೆ ಹೋದೆವು. 1789ರಲ್ಲಿ ಅಲ್ಲಿ ಹುಟ್ಟಿದ ಫ್ರೀಡ್ರಿಖ್ ಲಿಸ್ಟ್ ಎಂಬ ಅರ್ಥಶಾಸ್ತ್ರಜ್ಞನ ಪ್ರತಿಮೆ ರೈಲು ನಿಲ್ದಾಣದ ಬಳಿ ಇದೆ. ಪಕ್ಕದ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದವನು. (ನಮ್ಮ ನಿಘಂಟುಕಾರ ಕಿಟ್ಟೆಲ್ 1903ರಲ್ಲಿ ಕೊನೆಯುಸಿರೆಳೆದದ್ದೂ ಟ್ಯೂಬಿಂಗನ್ನಿನಲ್ಲಿಯೇ, ಆ ಊರಿನ ಬಗ್ಗೆ ಬೇರೆಯೇ ಬರೆಯಬೇಕು.) 1819ರಲ್ಲಿ ವ್ಯಾಪಾರಿಗಳ ಪರವಾಗಿ ಲಿಸ್ಟ್ ಬರೆದ ಮನವಿಪತ್ರದಲ್ಲಿ ಒಂದು ಲೆಕ್ಕವಿತ್ತು. ಜರ್ಮನ್ ನೆಲದಲ್ಲಿ ಆಗ ಮೂವತ್ತೆಂಟು ಸುಂಕದ ಗಡಿಗಳು. ಹ್ಯಾಂಬರ್ಗಿನಿಂದ ಆಸ್ಟ್ರಿಯಾಕ್ಕೆ ಸರಕು ಒಯ್ಯುವವನು ಹತ್ತು ರಾಜ್ಯ ದಾಟಬೇಕು, ಹತ್ತು ಬಗೆಯ ಸುಂಕದ ಕಾಯಿದೆ ಕಲಿಯಬೇಕು, ಹತ್ತು ಕಡೆ ಹಣ ತೆರಬೇಕು. ಇದನ್ನು ಗಟ್ಟಿಯಾಗಿ ಹೇಳಿದವನಿಗೆ ಸನ್ಮಾನವೇನೂ ಆಗಲಿಲ್ಲ. ಆಡಳಿತವನ್ನು ಟೀಕಿಸಿದ ಅಪರಾಧಕ್ಕೆ ಸೆರೆಮನೆಗೆ ಹಾಕಿದರು, ಆಮೇಲೆ ಅಮೆರಿಕಕ್ಕೆ ಸಾಗಹಾಕಿದರು. ಹಿಂದಿರುಗಿ ಬಂದು ರೈಲುಮಾರ್ಗಗಳ ಬಗ್ಗೆ ಬರೆದ, ಸಾಲದಲ್ಲಿ, ಅನಾರೋಗ್ಯದಲ್ಲಿ ಬೆಂದ, 1846ರಲ್ಲಿ ಕುಫ್‌ಸ್ಟೈನ್ ಎಂಬಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ. ಪ್ರತಿಮೆ ಬಂದದ್ದು 1863ರಲ್ಲಿ.

ಒಕ್ಕೂಟ ಆದದ್ದು ಅವನು ಬದುಕಿರುವಾಗಲೇ. 1834ರ ಜನವರಿ 1ರಿಂದ ಜಾರಿ. ಹಿಂದಿನ ರಾತ್ರಿ ಗಡಿಕಟ್ಟೆಗಳ ಮುಂದೆ ಸರಕಿನ ಬಂಡಿಗಳು ಉದ್ದಕ್ಕೆ ಸಾಲುಗಟ್ಟಿ ನಿಂತಿದ್ದವೆಂದೂ, ಹನ್ನೆರಡು ಹೊಡೆದೊಡನೆ ಅಡ್ಡಗಂಬ ಎದ್ದು ಬಂಡಿಗಳು ಕೇಕೆ ಹಾಕುತ್ತ ನುಗ್ಗಿದವೆಂದೂ ಟ್ರೈಟ್ಷ್ಕೆ ಎಂಬ ಚರಿತ್ರಕಾರ ಬರೆದಿದ್ದಾನೆ. ಅವನು ಹುಟ್ಟಿದ್ದೇ ಆ ವರ್ಷ. ಕಂಡು ಬರೆದದ್ದಲ್ಲ, ಹಿರಿಯರಿಂದ ಕೇಳಿ ಬರೆದದ್ದು. ಆದರೂ ನಂಬಬೇಕೆನಿಸುತ್ತದೆ. ಪಾಠಪುಸ್ತಕದಲ್ಲಿ ಈ ಒಂದು ವಾಕ್ಯವಿದ್ದಿದ್ದರೆ ನನ್ನ ಮಕ್ಕಳು ಜನ್ಮವಿಡೀ ಆ ಪದವನ್ನು ಮರೆಯುತ್ತಿರಲಿಲ್ಲ. ಅದೇ 1834ರಲ್ಲಿ ನಮ್ಮಲ್ಲಿ ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿ ಬಂದ. ಅವನ ಆಡಳಿತದಲ್ಲಿ ಏಳುನೂರಕ್ಕೂ ಮಿಕ್ಕಿ ಬಿಡಿ ತೆರಿಗೆಗಳು ರದ್ದಾದವು. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಅದಕ್ಕೆ ಹೆಸರಿಟ್ಟದ್ದಕ್ಕೆ ಕೂಡ ಆ ಮೊದಲು ತೆರಿಗೆ ಇತ್ತು. ಎರಡು ಖಂಡಗಳಲ್ಲಿ ಒಂದೇ ಕಾಲಕ್ಕೆ ಹಗ್ಗ ಸಡಿಲವಾದದ್ದು ಕಾಕತಾಳೀಯವೇ ಇರಬಹುದು. ಮೇಷ್ಟರಿಗೆ ಇಂಥ ಹೊಂದಾಣಿಕೆ ಕಂಡರೆ ಬಿಡಲಾಗದು.

ಎರಡನೆಯ ದಿನ ಕೇಲ್ ಎಂಬಲ್ಲಿ ಕಾರು ನಿಲ್ಲಿಸಿ ರೈನ್ ನದಿಯನ್ನು ಕಾಲ್ನಡಿಗೆಯಲ್ಲಿ ದಾಟಿದೆವು. ಈ ದಡ ಜರ್ಮನಿ, ಆ ದಡ ಫ್ರಾನ್ಸಿನ ಸ್ಟ್ರಾಸ್‌ಬರ್ಗ್. 2004ರಲ್ಲಿ ಕಟ್ಟಿದ ಕಾಲುಸೇತುವೆ. ನಡುವೆ ಬಾಣಂತಿಯೊಬ್ಬಳು ತಳ್ಳುಗಾಡಿಯಲ್ಲಿ ಮಗುವನ್ನು ಮಲಗಿಸಿಕೊಂಡು ಗಾಳಿಗೆ ನಿಂತಿದ್ದಳು. ಅಲ್ಸೇಸ್ ಸೀಮೆಯ ಕಥೆ ನನ್ನ ಓದುಗರಿಗೆ ಗೊತ್ತಿದೆ: 1871ರಲ್ಲಿ ಜರ್ಮನಿಗೆ, 1918ರಲ್ಲಿ ಫ್ರಾನ್ಸಿಗೆ, 1940ರಲ್ಲಿ ಮತ್ತೆ ಜರ್ಮನಿಗೆ, ಯುದ್ಧದ ಕೊನೆಯಲ್ಲಿ ಮತ್ತೆ ಫ್ರಾನ್ಸಿಗೆ. ಮನೆ ಬಿಟ್ಟು ಕದಲದ ಅಜ್ಜಿಯೊಬ್ಬಳು ನಾಲ್ಕು ಬಾರಿ ದೇಶ ಬದಲಿಸಿದಳು. ಈಗ ಟ್ರಾಮ್ ಬಂಡಿ ಈ ಊರಿನಿಂದ ಆ ಊರಿಗೆ ಓಡುತ್ತದೆ. ಫ್ರಾನ್ಸಿನವರು ಅದರಲ್ಲಿ ಬಂದು ಕೇಲ್‌ನಲ್ಲಿ ಅಗ್ಗದ ಸಿಗರೇಟು ಕೊಂಡು ಹೋಗುತ್ತಾರೆಂದು ಮಗ ಹೇಳಿದ. ನನಗೆ ಹರಿಹರದ ಸೇತುವೆ ನೆನಪಾಯಿತು. 1956ರ ನವೆಂಬರ್ 1ಕ್ಕೆ ಮೊದಲು ತುಂಗಭದ್ರೆಯ ಈಚೆ ದಡ ಮೈಸೂರು, ಆಚೆ ದಡ ಮುಂಬಯಿ ಪ್ರಾಂತ. ಎರಡೂ ದಡದವರ ಮಾತು ಕನ್ನಡವೇ. ನಮ್ಮ ಗಡಿಯಲ್ಲಿ ಯಾರೂ ಫಿರಂಗಿ ಹಾರಿಸಲಿಲ್ಲವೆಂಬುದು ನಮ್ಮ ಪುಣ್ಯ.

ಅಲ್ಲಿಂದ ಮೆಟ್ಸ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಟೋಲ್ ಕಟ್ಟಿದೆವು. ರಸ್ತೆ ಬಳಸಿದ್ದಕ್ಕೆ ಕೊಡುವ ಹಣ. ತುಮಕೂರು ರಸ್ತೆಯಲ್ಲಿ ಫಾಸ್ಟ್ಯಾಗ್ ಕೊಂಯ್ ಎಂದಂತೆಯೇ. ಅದರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ.

ಮೂರನೆಯ ದಿನದ ಊರು ಷೆಂಗೆನ್. ನಮ್ಮ ಪಾಸ್‌ಪೋರ್ಟಿನ ವೀಸಾ ಚೀಟಿಯ ಮೇಲೆ ಅಚ್ಚಾಗಿದ್ದ ಆ ಪದವನ್ನು ನೋಡಿ ನನ್ನ ಶ್ರೀಮತಿ ಬೆಂಗಳೂರಿನಲ್ಲೇ ಕೇಳಿದ್ದಳು, "ರೀ, ಷೆಂಗೆನ್ ಅಂದ್ರೆ ಯಾವ ದೇಶ?" ದೇಶವಲ್ಲ, ಹಳ್ಳಿ. ಲಕ್ಸೆಂಬರ್ಗಿನ ಅಂಚಿನಲ್ಲಿ, ಮೊಸೆಲ್ ನದಿಯ ದಡದಲ್ಲಿ, ಗುಡ್ಡದ ತುಂಬ ದ್ರಾಕ್ಷಿ ಬೆಳೆದುಕೊಂಡಿರುವ ಸಣ್ಣ ಹಳ್ಳಿ. ನದಿಯಾಚೆ ಜರ್ಮನಿಯ ಪೆರ್ಲ್, ಸ್ವಲ್ಪ ಮೇಲಕ್ಕೆ ಫ್ರಾನ್ಸಿನ ಆಪಾಕ್. 1985ರ ಜೂನ್ 14ರಂದು ಬೆಲ್ಜಿಯಂ, ನೆದರ್‌ಲೆಂಡ್ಸ್, ಲಕ್ಸೆಂಬರ್ಗ್, ಫ್ರಾನ್ಸ್, ಪಶ್ಚಿಮ ಜರ್ಮನಿ ಈ ಐದು ದೇಶಗಳ ಪ್ರತಿನಿಧಿಗಳು ತಮ್ಮ ನಡುವಿನ ಗಡಿತಪಾಸಣೆಯನ್ನು ಕ್ರಮೇಣ ತೆಗೆದುಹಾಕುವ ಒಪ್ಪಂದಕ್ಕೆ ಸಹಿ ಹಾಕಿದರು. ಸಹಿ ಹಾಕಿದ್ದು ಪ್ರಿನ್ಸೆಸ್ ಮಾರಿ ಆಸ್ಟ್ರಿಡ್ ಎಂಬ ಪ್ರವಾಸಿ ಹಡಗಿನಲ್ಲಿ. ಮೊಸೆಲ್ ನದಿ ಆ ಭಾಗದಲ್ಲಿ ಲಕ್ಸೆಂಬರ್ಗ್ ಮತ್ತ ಜರ್ಮನಿಗಳ ಜಂಟಿ ಸ್ವತ್ತು. ನೀರಿನ ನಡುವೆ ಗೆರೆಯೇ ಇಲ್ಲ. ಗಡಿ ಅಳಿಸುವವರಿಗೆ ಇದಕ್ಕಿಂತ ಯೋಗ್ಯ ಸ್ಥಳ ಸಿಗುತ್ತಿರಲಿಲ್ಲ. ಗಣ್ಯರಾರೂ ಬಂದಿರಲಿಲ್ಲ, ಮಂತ್ರಿಗಳ ಕೈಕೆಳಗಿನವರು ಬಂದು ಸಹಿ ಹಾಕಿ ಹೋದರು. ಜಾರಿಗೆ ಬರಲು 1995ರ ಮಾರ್ಚ್ ಆಯಿತು. ಆ ಹಡಗು ಕೈಯಿಂದ ಕೈಗೆ ಮಾರಾಟವಾಗಿ, ನಲವತ್ತನೆಯ ವರ್ಷದ ಹೊತ್ತಿಗೆ ಮತ್ತೆ ಷೆಂಗೆನ್‌ಗೆ ಬಂದು ದಡಕ್ಕೆ ಕಟ್ಟಿಸಿಕೊಂಡಿದೆ.

ಆದರೆ ಈ ಒಪ್ಪಂದದ ಬೇರು ಹಡಗಿನಲ್ಲಿರಲಿಲ್ಲ, ರಸ್ತೆಯಲ್ಲಿತ್ತು. 1957ರ ರೋಮ್ ಒಪ್ಪಂದದ ಪ್ರಕಾರ ಆರು ದೇಶಗಳು 1968ರ ಜುಲೈ 1ಕ್ಕೆ ತಮ್ಮೊಳಗಿನ ಸುಂಕವನ್ನು ಪೂರ್ತಿ ತೆಗೆದಿದ್ದವು. ಸುಂಕ ಹೋಯಿತು, ಕಟ್ಟೆ ಹೋಗಲಿಲ್ಲ! ಕಾಗದ ಪತ್ರ ನೋಡಲು, ಮೊಹರು ಒತ್ತಲು ಲಾರಿಗಳು ಗಡಿಯಲ್ಲಿ ಗಂಟೆಗಟ್ಟಲೆ ನಿಲ್ಲುವುದು ಮುಂದುವರಿಯಿತು. 1984ರ ಫೆಬ್ರವರಿಯಲ್ಲಿ ಫ್ರಾನ್ಸ್ ಇಟಲಿ ಗಡಿಯ ಸುಂಕದ ನೌಕರರ ಮುಷ್ಕರದಿಂದ ಆಲ್ಪ್ಸ್ ಪರ್ವತದ ಛಳಿಯಲ್ಲಿ ದಿನಗಟ್ಟಲೆ ಸಿಕ್ಕಿಬಿದ್ದ ಲಾರಿ ಚಾಲಕರು ರೊಚ್ಚಿಗೆದ್ದು ಫ್ರಾನ್ಸಿನ ಹೆದ್ದಾರಿಗಳಿಗೇ ಲಾರಿ ಅಡ್ಡ ನಿಲ್ಲಿಸಿದರು. ಆ ಬಿಸಿ ತಗುಲಿದ ಮೇಲೆಯೇ ಅದೇ ಜುಲೈ 13ರಂದು ಫ್ರಾನ್ಸ್ ಮತ್ತು ಜರ್ಮನಿ ಸಾರ್‌ಬ್ರುಕನ್ನಿನಲ್ಲಿ ತಪಾಸಣೆ ಸಡಿಲಿಸುವ ಒಪ್ಪಂದಕ್ಕೆ ಬಂದದ್ದು. ಷೆಂಗೆನ್ ಅದರ ಮರುವರ್ಷ. ಮಹಾಪುರುಷರ ದೂರದೃಷ್ಟಿಯಿಂದ ಯೂರೋಪು ಒಂದಾಯಿತೆಂದು ಬರೆಯುವವರು ಈ ಲಾರಿಯವರನ್ನು ಅಡಿಟಿಪ್ಪಣಿಗೆ ಹಾಕುತ್ತಾರೆ. ನಾನಾದರೆ ಪಾಠವನ್ನು ಅವರಿಂದಲೇ ಪ್ರಾರಂಭಿಸುತ್ತಿದ್ದೆ. ನಮ್ಮ ತಿಪಟೂರಿನ ಮಾರುಕಟ್ಟೆಯಿಂದ ಉಂಡೆ ಕೊಬ್ಬರಿ ತುಂಬಿಕೊಂಡು ದೆಹಲಿ, ರಾಜಸ್ಥಾನಗಳಿಗೆ ಹೋಗುತ್ತಿದ್ದ ಲಾರಿಯವರನ್ನು ಕೇಳಿ ನೋಡಿ. ಪ್ರತಿ ರಾಜ್ಯದ ಗಡಿಯಲ್ಲೂ ವಾಣಿಜ್ಯ ತೆರಿಗೆಯ ತಪಾಸಣಾ ಠಾಣೆ, ದಾರಿಯಲ್ಲಿ ಮಹಾರಾಷ್ಟ್ರದ ಊರುಗಳಲ್ಲಿ ಆಕ್ಟ್ರಾಯ್. ಮುಂಬಯಿಯ ಆಕ್ಟ್ರಾಯ್ ಹೋದದ್ದು 2017ರ ಜುಲೈ 1ಕ್ಕೆ, ಜಿ.ಎಸ್.ಟಿ. ಜಾರಿಯಾದಾಗ. ಅದನ್ನೂ ಮಧ್ಯರಾತ್ರಿ ಹನ್ನೆರಡಕ್ಕೇ ಸಂಸತ್ತಿನಲ್ಲಿ ಸಾರಿದರು.

ಒಂದು ಮಾತನ್ನು ಇಲ್ಲಿ ಹೇಳದೆ ಹೋದರೆ ಅಪ್ರಾಮಾಣಿಕನಾದೇನು. ಒಳಗಿನ ಗೋಡೆ ಒಡೆದವರು ಹೊರಗಿನ ಗೋಡೆಯನ್ನು ಎತ್ತರಿಸಿಕೊಂಡಿದ್ದಾರೆ. ಆ ಹಳ್ಳಿಯ ಹೆಸರಿನ ಚೀಟಿ ಪಡೆಯಲು ನಾವು ಪಿಂಚಣಿಯ ಕಾಗದ, ಬ್ಯಾಂಕಿನ ಲೆಕ್ಕ, ಮಗನ ಆಹ್ವಾನಪತ್ರ, ವಿಮೆ ಎಲ್ಲವನ್ನೂ ಕೊಟ್ಟು ಹತ್ತು ಬೆರಳಿನ ಗುರುತು ಒತ್ತಿ ಬಂದಿದ್ದೆವು.

ನಾಲ್ಕನೆಯ ದಿನ ಲಕ್ಸೆಂಬರ್ಗ್ ದಾಟಿ ಬೆಲ್ಜಿಯಂನ ಪೂರ್ವದಂಚಿನ ಕೆಲ್ಮಿಸ್ ಎಂಬ ಊರಿಗೆ ಬಂದೆವು. ಲಕ್ಸೆಂಬರ್ಗಿನಲ್ಲಿ ಪೆಟ್ರೋಲ್ ಅಗ್ಗ. ನೆರೆದೇಶದ ಕಾರುಗಳೆಲ್ಲ ಅಲ್ಲಿಯೇ ಸಾಲುಗಟ್ಟಿರುತ್ತವೆ, ನಾವೂ ನಿಂತೆವು. ಕೆಲ್ಮಿಸ್‌ನ ಚರಿತ್ರೆ ಒಂದು ಹಾಸ್ಯ ನಾಟಕಕ್ಕೆ ಯೋಗ್ಯವಾದದ್ದು. ನೆಪೋಲಿಯನ್ ಸೋತ ಮೇಲೆ ಪ್ರಷ್ಯಾವೂ ನೆದರ್‌ಲೆಂಡ್ಸೂ ಗಡಿ ಗುರುತಿಸುತ್ತ ಬಂದು ಇಲ್ಲಿ ನಿಂತವು. ಇಲ್ಲೊಂದು ಸತುವಿನ ಗಣಿ ಇತ್ತು, ಇಬ್ಬರಿಗೂ ಬೇಕು. ಜಗಳ ತೀರದೆ 1816ರಲ್ಲಿ ಆ ಮೂರೂವರೆ ಚದರ ಕಿಲೋಮೀಟರ್ ಜಾಗವನ್ನು ಯಾರದೂ ಅಲ್ಲವೆಂದು ಬಿಟ್ಟರು. ತಟಸ್ಥ ಮೊರೆಸ್ನೆಟ್ ಎಂದು ಹೆಸರು. ಸುಂಕವಿಲ್ಲದ ಆ ತುಣುಕಿನಲ್ಲಿ ಗಣಿಗಿಂತ ಕಳ್ಳಸಾಗಣೆಯೇ ಹುಲುಸಾಯಿತು. 1908ರಲ್ಲಿ ಕೆಲವರು ಅದನ್ನು ಎಸ್ಪೆರಾಂಟೋ ಭಾಷೆಯ ರಾಷ್ಟ್ರವನ್ನಾಗಿ ಮಾಡಲು ಕೂಡ ಹೊರಟಿದ್ದರು. ಮೊದಲ ಮಹಾಯುದ್ಧ ಮುಗಿದ ಮೇಲೆ 1920ರಲ್ಲಿ ಬೆಲ್ಜಿಯಂ ಪಾಲಾಯಿತು. ಪಕ್ಕದ ಗುಡ್ಡದ ಮೇಲೆ ಬೆಲ್ಜಿಯಂ, ಜರ್ಮನಿ, ನೆದರ್‌ಲೆಂಡ್ಸ್ ಕೂಡುವ ಬಿಂದುವಿನಲ್ಲಿ ಒಂದು ಕಲ್ಲು ನೆಟ್ಟಿದ್ದಾರೆ. ನೆದರ್‌ಲೆಂಡ್ಸಿನ ಯೂರೋಪು ನೆಲದಲ್ಲಿ ಅದೇ ಅತ್ಯಂತ ಎತ್ತರದ ಜಾಗ, 322 ಮೀಟರ್; ನಮ್ಮ ತಿಪಟೂರಿನ ಬಯಲೇ ಅದರ ಎರಡರಷ್ಟಕ್ಕಿಂತ ಎತ್ತರದಲ್ಲಿದೆ. ಶ್ರೀಮತಿ ಕಲ್ಲಿನ ಸುತ್ತ ಪ್ರದಕ್ಷಿಣೆ ಬಂದು ಮೂರು ದೇಶ ಮುಗಿಸಿದಳು.

ಅಲ್ಲಿಂದ ಆಖೆನ್ ಕಡೆಗೆ ಜರ್ಮನಿಗೆ ಮರಳುವಾಗ ಪೊಲೀಸರು ಕಾರು ನಿಲ್ಲಿಸಿದರು. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ನೆಲಗಡಿಗಳಲ್ಲೂ ತಾತ್ಕಾಲಿಕವೆಂದು ತಪಾಸಣೆ ಪ್ರಾರಂಭಿಸಿ ಅದನ್ನು ಮುಂದುವರಿಸುತ್ತ ಬಂದಿತ್ತು. ಹಿಂದೆ 2020ರ ಕೋವಿಡ್ ಕಾಲದಲ್ಲಿಯೂ ಷೆಂಗೆನ್ ಸೇತುವೆಯ ಮೇಲೆಯೇ ತಡೆ ಇಟ್ಟಿದ್ದರಂತೆ. ಪಾಸ್‌ಪೋರ್ಟ್ ನೋಡಿದರು. ಹುಡುಗ ಪೊಲೀಸು, ಮರ್ಯಾದೆಯಾಗಿಯೇ ಮಾತಾಡಿದ. ಶ್ರೀಮತಿಯ ತೊಡೆಯ ಮೇಲಿದ್ದ ಚೀಲದಲ್ಲಿ ಏನೆಂದು ಕೇಳಿದ. ಊರಿನಿಂದ ತಂದ ಕೊಬ್ಬರಿ ಮತ್ತು ಬೆಲ್ಲ. ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಅದಕ್ಕಾಗಿ ನಾನು ಬೆವತಿದ್ದೆ. ಮಗ ಮೊದಲೇ ವಿಚಾರಿಸಿದ್ದ: ಹೊರದೇಶದ ಹಣ್ಣುಗಳಲ್ಲಿ ಅನಾನಸ್, ಬಾಳೆ, ಖರ್ಜೂರ, ಡುರಿಯನ್, ತೆಂಗು ಈ ಐದಕ್ಕೆ ಸಸ್ಯಾರೋಗ್ಯದ ಪ್ರಮಾಣಪತ್ರ ಬೇಡವಂತೆ. ತೆಂಗಿಗೆ ಯೂರೋಪಿನ ಬಾಗಿಲು ನಮಗಿಂತ ಸಲೀಸಾಗಿ ತೆರೆದಿತ್ತು. ಪೊಲೀಸ್ ಹುಡುಗ ಇಡೀ ಉಂಡೆಯೊಂದನ್ನು ಕೈಯಲ್ಲಿ ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ. ಎರಡು ನಿಮಿಷವೂ ಆಗಿರಲಿಲ್ಲ. ಕಾರು ಹೊರಟ ಮೇಲೆ ಶ್ರೀಮತಿ ಬಹಳ ಹೊತ್ತು ಮಾತಾಡಲಿಲ್ಲ.

ಕೊನೆಯ ದಿನ ರೈನ್ ನದಿಯ ಕಣಿವೆಯಲ್ಲಿ ಕೌಬ್ ಎಂಬ ಊರಿಗೆ ಬಂದೆವು. ಆ ಕಣಿವೆಯ ಗುಡ್ಡಗುಡ್ಡಕ್ಕೂ ಕೋಟೆ. ಪ್ರವಾಸಿಗಳು ಅವುಗಳ ಸೌಂದರ್ಯಕ್ಕೆ ಮರುಳಾಗುತ್ತಾರೆ. ಬಹುಪಾಲು ಕೋಟೆಗಳ ಕಸುಬು ದೋಣಿ ತಡೆದು ಸುಂಕ ಕೀಳುವುದಾಗಿತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೂ ಈ ನದಿಯಲ್ಲಿ ಮೂವತ್ತಕ್ಕೂ ಹೆಚ್ಚು ಸುಂಕದ ಠಾಣೆಗಳಿದ್ದವು. ಕೌಬ್‌ನಲ್ಲಿ ನದಿಯ ನಟ್ಟನಡುವೆ, ಬಂಡೆಯ ಮೇಲೆ, ಹಡಗಿನಾಕಾರದ ಒಂದು ಬಿಳಿ ಕೋಟೆ ಇದೆ: ಫಾಲ್ಸ್‌ಗ್ರಾಫೆನ್‌ಸ್ಟೈನ್. ಬವೇರಿಯಾದ ಲುಡ್ವಿಗ್ ದೊರೆ 1326-27ರ ಸುಮಾರಿನಲ್ಲಿ ಸುಂಕಕ್ಕೆಂದೇ ಕಟ್ಟಿಸಿದ್ದು. ನೀರಿಗೆ ಅಡ್ಡಲಾಗಿ ಸರಪಳಿ ಎಳೆದು ದೋಣಿಗಳನ್ನು ನಿಲ್ಲಿಸುತ್ತಿದ್ದರು. ಐದುನೂರು ವರ್ಷಕ್ಕೂ ಮೇಲ್ಪಟ್ಟು, 1866ರವರೆಗೆ, ಅಲ್ಲಿ ಸುಂಕ ನಡೆಯಿತು. 1868ರ ಮ್ಯಾನ್‌ಹೈಮ್ ಒಪ್ಪಂದದಿಂದ ರೈನ್ ನದಿಯ ಸಂಚಾರ ಸುಂಕಮುಕ್ತವಾಯಿತು. ಸ್ವಲ್ಪ ಮೇಲಕ್ಕೆ ಬಿಂಗೆನ್‌ನಲ್ಲಿ ಇನ್ನೊಂದು ಗೋಪುರ, ಅದಕ್ಕೆ ಇಲಿಗೋಪುರವೆಂದು ಹೆಸರು. ಬರಗಾಲದಲ್ಲಿ ಕಣಜದ ಧಾನ್ಯ ಕೊಡದೆ, ಕೇಳಲು ಬಂದ ಬಡವರನ್ನು ಕೊಟ್ಟಿಗೆಯಲ್ಲಿ ಕೂಡಿ ಬೆಂಕಿಯಿಟ್ಟು, ಅವರ ಚೀರಾಟವನ್ನು ಇಲಿಗಳ ಸದ್ದೆಂದು ಅಣಕಿಸಿದ ಹಾಟೋ ಎಂಬ ಬಿಷಪ್ಪನನ್ನು ಇಲಿಗಳೇ ಬೆನ್ನಟ್ಟಿ ಆ ಗೋಪುರದಲ್ಲಿ ತಿಂದು ಹಾಕಿದವೆಂಬುದು ಕಥೆ. ವಿದ್ವಾಂಸರು ಹೇಳುವುದು ಬೇರೆ: ಜರ್ಮನ್ನಿನಲ್ಲಿ 'ಮೌಟ್' ಎಂದರೆ ಸುಂಕ, 'ಮೌಸ್' ಎಂದರೆ ಇಲಿ, ಸುಂಕದ ಗೋಪುರ ಜನರ ಬಾಯಲ್ಲಿ ಇಲಿಯ ಗೋಪುರವಾಯಿತು. ಜನ ಸುಂಕದವನನ್ನು ಇಲಿಗಳಿಗೆ ಉಣಬಡಿಸಿ ಕಥೆ ಕಟ್ಟಿದರೆಂದರೆ ನಮ್ಮ ಗಾದೆ ಎಷ್ಟೋ ಮೃದು.

ಈ ಕಥೆಯನ್ನು ನಾನು ಕೌಬ್ ದಡದ ಬೆಂಚಿನ ಮೇಲೆ ಕುಳಿತು ನಗುತ್ತಲೇ ಹೇಳಿದೆ. ಮಗ ಕೋಟೆಗೆ ಹೋಗುವ ದೋಣಿಯ ಟಿಕೆಟ್ ತರಲು ಹೋಗಿದ್ದ. ಶ್ರೀಮತಿ ನಗಲಿಲ್ಲ. ಆಗ ಹೇಳಿದಳು.

1973ರ ಮಾತು, ಅವಳಿಗೆ ಹತ್ತು ವರ್ಷ. ಅವರ ತಂದೆ ವರ್ಷವಿಡೀ ಅಟ್ಟದ ಮೇಲೆ ಒಣಗಿಸಿದ ಕೊಬ್ಬರಿಯನ್ನು ಗಾಡಿಗೆ ಹೇರಿಕೊಂಡು ಮಾರುಕಟ್ಟೆಗೆ ಹೊರಟಾಗ, ಹಟ ಹಿಡಿದು ತಾನೂ ಚೀಲದ ಮೇಲೆ ಕುಳಿತಳಂತೆ. ಬೆಳಗಿನ ಜಾವ ದಾರಿಯ ಊರೊಂದರ ಗೇಟಿಗೆ ಬಂದರು. ಆ ಊರಿನ ಹೆಸರನ್ನು ನಾನು ಬರೆಯುವುದಿಲ್ಲ. ಈಗ ಅಲ್ಲಿರುವವರಿಗೂ ಅದಕ್ಕೂ ಸಂಬಂಧವಿಲ್ಲ. ಚೀಲಗಳ ಎಣಿಕೆಗೂ ಚೀಟಿಗೂ ತಾಳೆಯಾಗಲಿಲ್ಲ. ಎಲ್ಲ ಇಳಿಸಿ ತೂಗಬೇಕೆಂದು ಗುಮಾಸ್ತ ಹೇಳಿದ. ಇಳಿಸಿದರು. ತೂಗುವಷ್ಟರಲ್ಲಿ ಮಳೆ ಹಿಡಿಯಿತು. ಮಳೆಗೆ ನೆನೆದ ಕೊಬ್ಬರಿ ಏನಾಗುತ್ತದೆಂದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅವಳ ತಂದೆ ಕೈಮುಗಿದು, ಚೀಲಗಳನ್ನು ಕೋಣೆಯ ಜಗುಲಿಗಾದರೂ ಹಾಕಿಕೊಳ್ಳುತ್ತೇನೆಂದು ಕೇಳಿದರು. ಕಾನೂನಿನಲ್ಲಿ ಅವಕಾಶವಿಲ್ಲವೆಂದು ಉತ್ತರ. ಮಾರುಕಟ್ಟೆಗೆ ಮುಟ್ಟುವ ಹೊತ್ತಿಗೆ ಹರಾಜು ಮುಗಿದಿತ್ತು. ಮುಂದಿನ ಹರಾಜಿನ ಹೊತ್ತಿಗೆ ಕೊಬ್ಬರಿಗೆ ಬೂಷ್ಟು ಬಂದಿತ್ತು. ಆ ವರ್ಷ ಅಕ್ಕನ ಮದುವೆ ನಿಂತುಹೋಯಿತು.

"ಮೊನ್ನೆ ಆ ಪೊಲೀಸ್ ಹುಡುಗ ಕೊಬ್ಬರಿ ಕೈಗೆತ್ತಿಕೊಂಡನಲ್ಲ, ಆಗ ಎಲ್ಲ ನೆನಪಾಯ್ತು ಕಣ್ರೀ" ಎಂದಳು.

ಮದುವೆಯಾಗಿ ಮೂವತ್ತೊಂಬತ್ತು ವರ್ಷಗಳಲ್ಲಿ ಈ ಮಾತನ್ನು ಅವಳು ಒಮ್ಮೆಯೂ ಎತ್ತಿರಲಿಲ್ಲ. ಆ ವರ್ಷ ಅಪ್ಪ ಯಾವ ಊರಿನಲ್ಲಿದ್ದರೆಂಬುದು ನನಗೂ ಗೊತ್ತು, ಅವಳಿಗೂ ಗೊತ್ತು. ಗೇಟುಗಳು ನಾಲ್ಕು, ಗುಮಾಸ್ತರು ಹಲವರು, ಪಾಳಿಯ ಕೆಲಸ. ಇದನ್ನೆಲ್ಲ ಹೇಳಿದೆ. ಕಾನೂನು ಕಾನೂನೇ, ಗುಮಾಸ್ತನ ಕೈಯಲ್ಲಿ ಏನಿತ್ತು ಎಂದೂ ಹೇಳಿದೆನೆಂದು ಕಾಣುತ್ತದೆ. ಜಗುಲಿ ಅವನ ಕೈಯಲ್ಲಿತ್ತು ಎಂದಳು.

"ಮುಖ ಗುರುತಿದೆಯಾ?" ಎಂದು ಕೇಳಿದೆ.

"ಇಲ್ಲ. ಮಾವನೇ ಅಂತ ನಾನೇನೂ ಹೇಳ್ತಿಲ್ಲ. ಕತ್ತಿಗೆ ಕಂದು ಮಫ್ಲರ್ ಸುತ್ತಿಕೊಂಡಿದ್ರು, ಅಷ್ಟೇ ನೆನಪಿರೋದು."

ಮಗ ಟಿಕೆಟ್ ತಂದ. ದೋಣಿಯಲ್ಲಿ ಕುಳಿತು ನದಿಯ ನಡುವಿನ ಆ ಬಿಳಿ ಕೋಟೆಗೆ ಹೋದೆವು. ಕಡಿದಾದ ಮೆಟ್ಟಿಲು, ಕಿರಿದಾದ ಕಿಂಡಿಗಳು, ಪ್ರತಿ ಕಿಂಡಿಯಿಂದಲೂ ಎರಡು ಕಡೆಯ ನೀರು ಕಾಣುತ್ತದೆ. ಒಂದು ಸರಕಿನ ದೋಣಿ ವೇಗ ತಗ್ಗಿಸದೆ ಹಾದುಹೋಯಿತು. ಅಪ್ಪ ಬೇಸಗೆಯಲ್ಲಿಯೂ ಮಫ್ಲರ್ ತೆಗೆಯುತ್ತಿರಲಿಲ್ಲ. ಅವರು ತೀರಿಕೊಂಡ 2005ರವರೆಗೆ, ಹತ್ತೊಂಬತ್ತು ವರ್ಷ, ಅದನ್ನು ವಾರಕ್ಕೊಮ್ಮೆ ಒಗೆದು ಮಡಿಸಿ ಅವರ ಮಂಚದ ತಲೆದಸಿಯಲ್ಲಿ ಇಡುತ್ತಿದ್ದವಳು ಇವಳೇ.